ಪದಚರ್ಚೆ: ಮಕಾಮ್, ತಕ್ಸೀಮ್, ಇಂಪ್ರೊವೈಸೇಶನ್ – ಫ್ಲೆಕ್ಸಿಗೆ ಕನ್ನಡ ಪದ ಬೇಕು, ಸ್ವಲ್ಪ ಅವಸರ

ಕಾಸರಗೋಡಿನಿಂದ:

ಎಲ್ಲರಿಗೂ ನಮಸ್ಕಾರ. ನಾಡಿದ್ದು ಬೆಳಗ್ಗೆ ಪ್ರೆಸ್ಸಿಗೆ ಕೊಡಬೇಕು, ಅದಕ್ಕೆ ನೇರ ವಿಷಯಕ್ಕೆ ಬರುತ್ತೇನೆ. ರಜೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಕಾರ್ಯಕ್ರಮ ಒಂದುಂಟು. ಅರಬ್ ಸಂಗೀತದ ಕ್ರಮವನ್ನೂ ನಮ್ಮ ಕ್ರಮವನ್ನೂ ಪಕ್ಕಪಕ್ಕ ಇಟ್ಟು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸದೆ ಕೂತಲ್ಲೇ ಕಟ್ಟಿ ಹಾಡುವುದು, ನುಡಿಸುವುದು ಹೇಗೆ ಅಂತ ಕಲಿಸುವುದು. ಬರುವವರು ಒಂದೇ ಬಗೆಯವರಲ್ಲ. ಪಿಟೀಲು ಕಲಿಯುವವರು ಇದ್ದಾರೆ, ಯಕ್ಷಗಾನದ ಭಾಗವತಿಕೆ, ಚೆಂಡೆ ಕಲಿಯುವವರು ಇದ್ದಾರೆ, ದಫ್ ಅನ್ನುವ ಚರ್ಮವಾದ್ಯ ಬಡಿದು ಹಾಡುವ ದಫ್ ಮುಟ್ಟ್ ತಂಡದ ಹುಡುಗರೂ ಇದ್ದಾರೆ.

ಮಲಯಾಳದ ಫ್ಲೆಕ್ಸ್ ಆಗಲೇ ತಯಾರು. ಅದನ್ನೇ ಪದಕ್ಕೆ ಪದ ಇಳಿಸಿದ ಕನ್ನಡ ಪ್ರತಿ ನನ್ನ ಕೈಗೆ ಬಂದಿದೆ. 'ಶಿಲ್ಪಶಾಲೆ' ಅಂತ ಹಾಕಿದ್ದಾರೆ. ಮಲಯಾಳದಲ್ಲಿ ವರ್ಕ್‌ಶಾಪಿಗೆ ಅದೇ ಪದ, ಸರಿ. ಆದರೆ ಕನ್ನಡದವರು ಅದನ್ನು ಓದಿದರೆ ಕಲ್ಲು ಕೆತ್ತುವ ಜಾಗ ಅಂದುಕೊಳ್ಳುತ್ತಾರೆ, ಅಲ್ವಾ? ಅದನ್ನು ತೆಗೆಸುತ್ತೇನೆ. ನನಗೆ ಬೇಕಾದದ್ದು ಮಕಾಮ್ (ಅರಬ್ ಸಂಗೀತದ ಸ್ವರಕ್ರಮ, ನಮ್ಮ ರಾಗದ ಹಾಗೆ), ತಕ್ಸೀಮ್ (ಅದರಲ್ಲಿ ಒಬ್ಬರೇ ಕೂತಲ್ಲೇ ಕಟ್ಟಿ ನುಡಿಸುವುದು), ಇಂಪ್ರೊವೈಸೇಶನ್ (ಕೂತಲ್ಲೇ ಕಟ್ಟುವುದು) – ಈ ಮೂರಕ್ಕೆ ಏನು ಬರೆಯೋಣ ಅನ್ನುವುದು. 'ಅರಬ್ ರಾಗ' ಅಂದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ, ಆದರೂ ಕೇಳುತ್ತಿದ್ದೇನೆ. ಇನ್ನೊಂದು, ಊದ್ ಅನ್ನುವ ವಾದ್ಯದ ಹೆಸರು. 'ಊದ್ ವಾದನ' ಅಂತ ಬರೆದರೆ ಅದು ಊದುವ ವಾದ್ಯ ಅಂತಲೇ ಎಲ್ಲರೂ ತಿಳಿಯುವುದು. ಅದೋ ತಂತಿಯದ್ದು.

ಶಿವಮೊಗ್ಗದಿಂದ:

ಕಮ್ಮಟ ಅನ್ನಿ. ಕಾರ್ಯಾಗಾರವೂ ಬೇಡ, ಅದು ವರ್ಕ್ ಒಂದು ಕಡೆ ಶಾಪ್ ಒಂದು ಕಡೆ ಮಾಡಿ ಸಂಸ್ಕೃತಕ್ಕೆ ಇಳಿಸಿದ್ದು. ಕಮ್ಮಟ ಅಂದರೆ ಮೊದಲು ಟಂಕಸಾಲೆ, ನಾಣ್ಯ ಅಚ್ಚು ಹಾಕುವ ಜಾಗ. ತಮಿಳಿನಲ್ಲಿ ಕಂಪಟ್ಟಂ. ಕೈಯಾರೆ ಮಾಡಿ ಕಲಿಯುವ ಕೂಟಕ್ಕೆ ಅದಕ್ಕಿಂತ ಒಳ್ಳೆಯ ಪದ ಬೇರೆ ಇಲ್ಲ.

ಉಳಿದದ್ದಕ್ಕೂ ನಮ್ಮಲ್ಲಿ ಪದ ಇದೆ. ಅರಬಿಯಲ್ಲಿ ಮಕಾಮ್ ಅಂದರೆ ನಿಲ್ಲುವ ಜಾಗ, ಹಾಗಾಗಿ 'ನೆಲೆ'. ತಕ್ಸೀಮ್ ಅಂದರೆ ಪಾಲು ಮಾಡುವುದು, ಹಳಗನ್ನಡದಲ್ಲಿ 'ಪಸುಗೆ' ಇದೆ. ಇಂಪ್ರೊವೈಸೇಶನ್‌ಗೆ, ಹೊಳೆದದ್ದನ್ನು ಹೊಳೆದ ಹಾಗೆ ಕಟ್ಟುವುದು, 'ಹೊಳೆಗಟ್ಟು'. ಗಕಾರ ಆದೇಶ ಸರಿಯಾಗಿಯೇ ಇದೆ.

ಬದಿಯಡ್ಕದಿಂದ:

ಹೊಳೆಗಟ್ಟು ಆಗಲಿಕ್ಕಿಲ್ಲ. ಇಲ್ಲಿ ಹೊಳೆಗೆ ಕಟ್ಟ ಹಾಕುವುದು ಅಂದರೆ ಮಳೆ ಮುಗಿದ ಮೇಲೆ ಕಲ್ಲು ಮಣ್ಣು ತುಂಬಿ ನೀರು ನಿಲ್ಲಿಸುವುದು. ಅಡಿಕೆ ತೋಟ ಇರುವವರಿಗೆಲ್ಲ ಗೊತ್ತು. ಆದೇಶ ಸಂಧಿ ಸರಿ ಇದ್ದ ಮಾತ್ರಕ್ಕೆ ಪದ ಸರಿಯಾಗುವುದಿಲ್ಲ.

ನಾನು ಪಿಟೀಲು ಪಾಠ ಮಾಡುವವನು, ಹಾಗಾಗಿ ಪಾಠದ ಕಡೆಯಿಂದ ಹೇಳುತ್ತೇನೆ. ಇಂಪ್ರೊವೈಸೇಶನ್‌ಗೆ 'ಮನೋಧರ್ಮ' ಇದೆ. ಹೊಸದಾಗಿ ಹುಡುಕಬೇಕಾಗಿಲ್ಲ. ಆಲಾಪನೆ, ತಾನ, ನೆರವಲ್, ಕಲ್ಪನಾಸ್ವರ ಎಲ್ಲ ಅದರಡಿ ಬರುತ್ತದೆ. ಸಂಗೀತ ಕಲಿಯುವ ಹುಡುಗಿಯ ಅಮ್ಮನೂ ಈ ಪದ ಕೇಳಿರುತ್ತಾರೆ.

ಆದರೆ ಟೀಚರೇ, ತಕ್ಸೀಮಿಗೆ ಆಲಾಪನೆ ಅಂತ ಮಾತ್ರ ಹಾಕಬೇಡಿ. ಮೇಲ್ನೋಟಕ್ಕೆ ಒಂದೇ ಅನಿಸುತ್ತದೆ. ಒಬ್ಬರೇ ನುಡಿಸುವುದು, ಸಾಮಾನ್ಯವಾಗಿ ತಾಳದ ಕಟ್ಟು ಇಲ್ಲ, ಕೆಳಗಿಂದ ಶುರು ಮಾಡಿ ನಿಧಾನಕ್ಕೆ ಮೇಲೇರುವುದು. ವ್ಯತ್ಯಾಸ ಆಮೇಲೆ ಬರುತ್ತದೆ. ನಾವು ತೋಡಿ ಆಲಾಪನೆ ಶುರು ಮಾಡಿದರೆ ತೋಡಿ ಬಿಟ್ಟು ಹೊರಗೆ ಹೋದರೆ ತಪ್ಪು. ಅವರು ತಕ್ಸೀಮಿನಲ್ಲಿ ಒಂದು ಮಕಾಮಿನಿಂದ ಇನ್ನೊಂದಕ್ಕೆ ಬೇಕೆಂದೇ ಹೋಗುತ್ತಾರೆ, ಅಲ್ಲಿ ಸುತ್ತಾಡಿ, ಹೊರಟಲ್ಲಿಗೇ ವಾಪಸು ಬರುತ್ತಾರೆ. ಹೇಗೆ ಹೋದರು, ಹೇಗೆ ಬಂದರು ಅನ್ನುವುದರಲ್ಲೇ ಇದೆ ಅವರ ಜಾಣ್ಮೆ. ಒಂದೊಂದು ಹಂತ ಮುಗಿಯುವಾಗ ಕಫ್ಲಾ ಅಂತ ಒಂದು ಮುಗಿಸುವ ಪಲುಕು ಬರುತ್ತದೆ, ಕೇಳುವವರು ತಡೆಯಲಾರದೆ 'ಅಲ್ಲಾಹ್' ಅನ್ನುವುದು ಅಲ್ಲಿ. ನಿಮ್ಮ ಚೆಂಡೆಯ ಮಕ್ಕಳಿಗೆ ಅದನ್ನು 'ಮುಕ್ತಾಯ' ಅಂತ ಹೇಳಿ, ಒಂದೇ ಸಲಕ್ಕೆ ತಿಳಿಯುತ್ತದೆ.

ಮಕಾಮಿಗೆ ರಾಗ ಅನ್ನುವುದೂ ಅರ್ಧ ಸತ್ಯ. ಹಿಜಾಜ್‌ಕಾರ್ ಅನ್ನುವ ಮಕಾಮಿನ ಸ್ವರಗಳು ನಮ್ಮ ಮಾಯಾಮಾಳವಗೌಳ ರಾಗದವೇ, ಸರಳೆ ವರಸೆ ಕಲಿತ ಮಗು ಹಾಡೀತು. ಹಿಜಾಜ್ ನಮ್ಮ ವಕುಳಾಭರಣ, ಕುರ್ದ್ ತೋಡಿಯ ಸ್ವರಗಳು. ಅಲ್ಲಿವರೆಗೆ ಸುಲಭ. ರಾಸ್ತ್ ಅನ್ನುವ ಮಕಾಮ್ ಬಂದಾಗ ನಿಲ್ಲುತ್ತದೆ. ಅದರ ಗಾಂಧಾರ, ಅಂದರೆ ಸರಿಗಮದ 'ಗ', ನಮ್ಮ ಕೆಳಗಿನ ಸಾಧಾರಣವೂ ಅಲ್ಲ, ಮೇಲಿನ ಅಂತರವೂ ಅಲ್ಲ, ಎರಡರ ನಡುವೆ. ಹಾರ್ಮೋನಿಯಂನಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಪಿಟೀಲಿನಲ್ಲಿ ಸಿಗುತ್ತದೆ, ಆದರೆ ಮಕ್ಕಳ ಬೆರಳು ಅಭ್ಯಾಸದಿಂದ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಮೊದಲು ಬಾಯಲ್ಲಿ ಹಾಡಿಸಿ, ಕಿವಿಗೆ ಕೂತ ಮೇಲೆ ತಂತಿ ಮುಟ್ಟಿಸಿ. 'ಅರಬ್ ರಾಗ' ಅಂದರೆ ಮಕ್ಕಳು ಅದಕ್ಕೊಂದು ಮೇಳಕರ್ತ, ಅಂದರೆ ಮೂಲ ರಾಗ, ಹುಡುಕಿಕೊಂಡು ಕೂರುತ್ತಾರೆ, ಆ ನಡುವಿನ ಗಾಂಧಾರ ಕೇಳಿಸುವುದೇ ಇಲ್ಲ.

ಶಿವಮೊಗ್ಗದಿಂದ:

ಹೊಳೆಗಟ್ಟು ಬೇಡವಾದರೆ ಬಿಡಿ. ಮನೋಧರ್ಮ ಕನ್ನಡವಲ್ಲ ಅನ್ನುವುದನ್ನಾದರೂ ಒಪ್ಪಿಕೊಳ್ಳಿ. ಮಾತಿನಲ್ಲಿ 'ಅವನ ಮನೋಧರ್ಮ ಸರಿಯಿಲ್ಲ' ಅಂದರೆ ಸ್ವಭಾವ ಅಂತ ಅರ್ಥ. ಫ್ಲೆಕ್ಸ್ ಓದುವವರೆಲ್ಲ ಕಛೇರಿಗೆ ಹೋಗುವವರಲ್ಲ. ಆ ನಡುವಿನ ಸ್ವರಕ್ಕೆ 'ಕಾಲು ಸ್ವರ' ಅನ್ನಿ, ಎಲ್ಲರಿಗೂ ಅರ್ಥವಾಗುತ್ತದೆ.

ಧಾರವಾಡದಿಂದ:

ಇಂಪ್ರೊವೈಸೇಶನ್‌ಗೆ ನಮ್ಮ ಕಡೆ ಹಿಂದೂಸ್ತಾನಿಯವರು ಉಪಜ್ ಅಂತಾರೆ. ಸಣ್ಣ ಪದ, ಫ್ಲೆಕ್ಸಿಗೂ ಚಲೋ.

ಬದಿಯಡ್ಕದಿಂದ:

ಉಪಜ್ ಕಾಸರಗೋಡಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಾಲು ಸ್ವರ ಅಂದರೆ ಕಾಲು ಮಾತ್ರೆ ಹೊತ್ತು ಹಿಡಿಯುವ ಸ್ವರ ಅಂತ ಮಕ್ಕಳು ತಿಳಿಯುತ್ತಾರೆ. ಅದೂ ಅಲ್ಲದೆ ಅದು ಕಾಲೇ ಅಂತ ಅಳೆದು ಕೊಡಲಿಕ್ಕೆ ಬರುವುದಿಲ್ಲ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು, ಹಂಗೇರಿಯ ಸಂಗೀತಗಾರ ಬಾರ್ತೋಕ್ ಕೂಡ ಹೋಗಿದ್ದರು. ಸ್ಥಾಯಿಯನ್ನು 24 ಸಮ ಪಾಲು ಮಾಡಬಹುದೇ ಅಂತ ಅಲ್ಲಿ ಜೋರು ಚರ್ಚೆ ಆಯಿತು. ನುಡಿಸುವವರ ಕೈಯಲ್ಲಿ ಅದು ಇವತ್ತಿಗೂ ಸಮ ಪಾಲಲ್ಲ. ಈಜಿಪ್ಟಿನವರ ರಾಸ್ತ್ ಗಾಂಧಾರ ಬೇರೆ, ಸಿರಿಯಾದವರದ್ದು ಸ್ವಲ್ಪ ಬೇರೆ.

ಮೈಸೂರಿನಿಂದ:

ಶಿವಮೊಗ್ಗದವರು ನೆಲೆ ಅಂದಾಗಲೇ ಹೇಳಬೇಕು ಅಂತಿದ್ದೆ. ಮಕಾಮ್ ಕನ್ನಡಕ್ಕೆ ಬಂದು ಎಷ್ಟೋ ಕಾಲ ಆಯಿತು. ನಮ್ಮ 'ಮೊಕ್ಕಾಂ' ಅದೇ ಪದ. ಸಾಹೇಬರು ಇಲ್ಲೇ ಮೊಕ್ಕಾಂ ಹೂಡಿದ್ದಾರೆ ಅನ್ನುವಾಗ ಯಾರಿಗಾದರೂ ಅರಬಿ ನೆನಪಾಗುತ್ತದೆಯೇ? ಮಕಾಮನ್ನು ಕಟ್ಟುವ ಮೂರು, ನಾಲ್ಕು, ಐದು ಸ್ವರಗಳ ತುಂಡಿಗೆ ಅವರು 'ಜಿನ್ಸ್' ಅನ್ನುತ್ತಾರೆ. ನಮ್ಮ ಜಿನಸು, ಜಿನಸಿ ಅಂಗಡಿ ಎಲ್ಲ ಅಲ್ಲಿಂದಲೇ. ಅರಬರೂ ಅದನ್ನು ಗ್ರೀಕಿನ ಗೆನೋಸ್‌ನಿಂದ ತಂದವರು. 'ಕಾನೂನ್' ಅಂತ ಮಡಿಲಲ್ಲಿಟ್ಟು ಮೀಟುವ ತಂತಿವಾದ್ಯ ಇದೆ. ಆ ಹೆಸರು, ನಮ್ಮ ಕೋರ್ಟಿನ ಕಾನೂನು ಎರಡೂ ಗ್ರೀಕಿನ ಕನೋನ್. ತಕ್ಸೀಮಿನ ಧಾತುವಿನಿಂದಲೇ ಕಿಸ್ಮತ್ತು ಬಂದದ್ದು, ಪಾಲಿಗೆ ಬಂದದ್ದು ಅಂತ.

ಊದ್ ವಿಷಯ. ಅರಬಿಯಲ್ಲಿ ಅದರ ಅರ್ಥ ಮರ, ಕಟ್ಟಿಗೆ. ಊದುಬತ್ತಿಯ ಊದು ಇದೇ, ಪರಿಮಳದ ಮರ. ಯುರೋಪಿನ ಲ್ಯೂಟ್ ಕೂಡ ಅಲ್-ಊದ್‌ನಿಂದ ಆದದ್ದು. ನಮ್ಮ 'ಊದು' ಕ್ರಿಯಾಪದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಇಷ್ಟೆಲ್ಲ ಪದಗಳು ಅಡುಗೆಮನೆ, ದೇವರಕೋಣೆವರೆಗೂ ಬಂದಿರುವಾಗ ಇನ್ನೆರಡಕ್ಕೆ ಬಾಗಿಲು ಹಾಕುವುದೇಕೆ?

ಶಿವಮೊಗ್ಗದಿಂದ:

ಮೊಕ್ಕಾಂ ಬಂದದ್ದು ಆಳುವವರ ಜೊತೆ. ನಾವು ಕೇಳಿ ತಂದದ್ದಲ್ಲ. ಕಂದಾಯದ ಕಡತದಲ್ಲಿ ಸೇರಿಕೊಂಡ ಪದಗಳನ್ನು ತೋರಿಸಿ ಎಲ್ಲದಕ್ಕೂ ಬಾಗಿಲು ತೆರೆಯಿರಿ ಅನ್ನುವ ವಾದ ನನಗೆ ಹೊಸದಲ್ಲ. ಒಂದು ನುಡಿ ತನ್ನ ಬೇರಿನಿಂದ ಪದ ಕಟ್ಟುವುದನ್ನು ಮರೆತರೆ ಆಮೇಲೆ ಅದಕ್ಕೆ ಕಟ್ಟಲು ಬರುವುದೇ ಇಲ್ಲ. ಗಡಿಯಲ್ಲಿ ಇರುವವರು ಇದನ್ನು ಎಲ್ಲರಿಗಿಂತ ಮೊದಲು ತಿಳಿಯಬೇಕು.

ಮೈಸೂರಿನಿಂದ:

ರಾಗ, ತಾಳ, ಸ್ವರ, ಶ್ರುತಿ ಯಾವ ಬೇರಿನಿಂದ ಬಂದವು? ಅದಕ್ಕೆ ತಕರಾರು ಇಲ್ಲ, ಅರಬಿಗೆ ಮಾತ್ರ ತಕರಾರು. ತಕರಾರೂ ಅರಬಿಯೇ.

ಕಾಸರಗೋಡಿನಿಂದ:

ಗಡಿಯವರ ಹೆಸರು ಬಂತು, ಹಾಗಾಗಿ ಹೇಳುತ್ತೇನೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಂದಿನಿಂದ ಇಲ್ಲಿ ಕನ್ನಡಕ್ಕೆ ಬಂದ ಕಷ್ಟ ಅರಬಿ ಪದದಿಂದ ಬಂದದ್ದಲ್ಲ, ಹಿಂದಿನ ಮೊಕ್ಕಾಂ, ಜಿನಸಿಯಿಂದಲೂ ಬಂದದ್ದಲ್ಲ. ಬೇರೆ ಭಾಷೆಯ ವಾಕ್ಯವನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆದು 'ಇಗೊಳ್ಳಿ ಕನ್ನಡ' ಅನ್ನುತ್ತಾರಲ್ಲ, ಅದರಿಂದ ಬಂದದ್ದು. ನೋಟಿಸುಗಳಲ್ಲಿ, ಬೋರ್ಡುಗಳಲ್ಲಿ, ಮಕ್ಕಳ ಪ್ರಶ್ನೆಪತ್ರಿಕೆಯಲ್ಲಿ. ಮಕಾಮ್ ಅಂತ ಒಂದು ಹೊಸ ಪದ ಕನ್ನಡದ ವಾಕ್ಯದೊಳಗೆ ಕೂತರೆ ಕನ್ನಡಕ್ಕೆ ಏನೂ ಆಗುವುದಿಲ್ಲ. ಶಿಲ್ಪಶಾಲೆ ಕೂತರೆ ಆಗುತ್ತದೆ, ನೋಡಲಿಕ್ಕೆ ಎಷ್ಟೇ ಕನ್ನಡದ ಹಾಗೆ ಇದ್ದರೂ. ನನಗೆ ಇದು ಸುಮ್ನೆ ವಾದ ಮಾಡುವ ವಿಷಯ ಅಲ್ಲ.

ಮೊಗ್ರಾಲಿನಿಂದ:

ನಾನು ಓದುವವನು ಮಾತ್ರ, ಬರೆಯುವುದು ಕಡಿಮೆ. ಎರಡು ಮಾತು. ನಮ್ಮ ಊರನ್ನು 'ಇಶಲ್ ಗ್ರಾಮ' ಅನ್ನುತ್ತಾರೆ, ಮಾಪಿಳ್ಳ ಹಾಡಿಗೆ ಹೆಸರಾದ ಊರು. ಹಾಡಿನ ಧಾಟಿಗೆ ಇಶಲ್ ಅನ್ನುವುದು. ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ಇಶಲ್ ಇಂಥದ್ದು ಅಂತ ಇರುತ್ತದೆ, ಕೊಂಬ್, ತೊಂಗಲ್ ಅಂತೆಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿ ಪದ್ಯದ ಮೇಲೆ ರಾಗ, ತಾಳ ಬರೆದಿರುತ್ತದಲ್ಲ, ಅದೇ ಕ್ರಮ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗ ಹಾಡುವ ಮಕ್ಕಳಿಗೂ ದಫ್ ಹುಡುಗರಿಗೂ ಇದನ್ನು ಪಕ್ಕಪಕ್ಕ ತೋರಿಸಿ. ಆದರೆ ಮಕಾಮಿಗೆ ಇಶಲ್ ಅಂತ ಬರೆಯಬೇಡಿ. ಇಶಲಿನಲ್ಲಿ ಛಂದಸ್ಸೂ ಸೇರಿದೆ, ಮಕಾಮಿನಲ್ಲಿ ಇಲ್ಲ.

ಎರಡನೆಯದು ಮುಖ್ಯ. 'ಮಖಾಂ' ಅಂತ ಬರೆಯಬೇಡಿ. ಇಲ್ಲಿ ಮಖಾಂ ಅಂದರೆ ಔಲಿಯಾಗಳ, ಅಂದರೆ ಸಂತರ, ಗೋರಿ ಇರುವ ಜಾಗ, ಉರೂಸ್ ನಡೆಯುವುದು ಅಲ್ಲಿ. ಪದ ಒಂದೇ ಇರಬಹುದು, ಆದರೆ ಫ್ಲೆಕ್ಸಿನಲ್ಲಿ 'ಮಖಾಂ ಕಲಿಯಿರಿ' ಅಂತ ಬಂದರೆ ಹಿರಿಯರಿಗೆ ಬೇಸರ ಆಗಬಹುದು. ಕ ಇರಲಿ, ಖ ಬೇಡ.

ಬದಿಯಡ್ಕದಿಂದ:

ಇದು ಸರಿಯಾದ ಮಾತು. ತಾಳದ ವಿಷಯ ಫ್ಲೆಕ್ಸಿಗೆ ಬೇಡ, ಪಾಠಕ್ಕೆ ಇರಲಿ ಅಂತ ಹೇಳುತ್ತೇನೆ. ಅವರ ಸಮಾಯಿ ಅನ್ನುವ ತಾಳ ಹತ್ತರ ಲೆಕ್ಕ (ದುಂ ದಪ್ಪ ಪೆಟ್ಟು, ತಕ್ ಸಣ್ಣ ಪೆಟ್ಟು): ದುಂ, ಎರಡು ಖಾಲಿ, ತಕ್, ಒಂದು ಖಾಲಿ, ದುಂ ದುಂ ತಕ್, ಎರಡು ಖಾಲಿ. ನಮ್ಮ ಮಿಶ್ರ ಝಂಪೆ ತಾಳವೂ ಹತ್ತೇ, ಆದರೆ ಏಳು, ಒಂದು, ಎರಡು. ಎರಡನ್ನೂ ಒಟ್ಟಿಗೆ ಹಾಕಿಸಿ, ದಫ್‌ನವರು ಸಮಾಯಿ, ಉಳಿದವರು ಝಂಪೆ. ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ ಅಂತ ಮಕ್ಕಳೇ ಹೇಳುತ್ತಾರೆ. ಕಟ್ಟಿ ನುಡಿಸುವುದಕ್ಕೆ ಧೈರ್ಯ ಬರುವುದು ಹಾಗೆ.

ಕಾಸರಗೋಡಿನಿಂದ:

ಇದನ್ನು ಕಳಿಸುತ್ತೇನೆ:

'ಮಕಾಮ್ – ಮನೋಧರ್ಮ
ಅರಬ್ ಸಂಗೀತ ಮತ್ತು ನಮ್ಮ ಸಂಗೀತ: ಆಗಿಂದಾಗ ಕಟ್ಟಿ ಹಾಡುವ, ನುಡಿಸುವ ಕಮ್ಮಟ
ತಂತಿವಾದ್ಯ ಊದ್‌ನಲ್ಲಿ ತಕ್ಸೀಮ್ ಕೇಳುವ ಅವಕಾಶ'

ಕಮ್ಮಟಕ್ಕೆ ಶಿವಮೊಗ್ಗದವರಿಗೆ ವಂದನೆ. 'ಆಗಿಂದಾಗ ಕಟ್ಟಿ' ಅನ್ನುವುದೂ ನಿಮ್ಮ ಹೊಳೆಗಟ್ಟು ಓದಿಯೇ ಹೊಳೆದದ್ದು. ಮನೋಧರ್ಮ ಗೊತ್ತಿಲ್ಲದವರಿಗೆ ಎರಡನೇ ಸಾಲು ಉಂಟು. ಊದ್‌ಗೆ ಮುಂಚೆ ತಂತಿವಾದ್ಯ ಹಾಕಿದ್ದೇನೆ.

ಶಿವಮೊಗ್ಗದಿಂದ:

ಮಕಾಮ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಬರೆಯುವುದೇ ಆದರೆ ಸರಿಯಾಗಿ ಬರೆಯಿರಿ. 'ಊದ್‌ನಲ್ಲಿ' ಅಂತ ಅರ್ಧಾಕ್ಷರದಲ್ಲಿ ನಿಲ್ಲಿಸಿ ವಿಭಕ್ತಿ ಅಂಟಿಸುವುದು ಕನ್ನಡದ ಕ್ರಮವಲ್ಲ. 'ಊದಿನಲ್ಲಿ' ಮಾಡಿ.

ಮೈಸೂರಿನಿಂದ:

ಊದಿನಲ್ಲಿ ಅಂದರೆ ಊದುಬತ್ತಿಯ ಊದಿನಲ್ಲಿ ಅಂತ ಓದುತ್ತಾರೆ. 'ಊದ್ ವಾದ್ಯದಲ್ಲಿ' ಅನ್ನಿ, ಜಗಳವೇ ಇಲ್ಲ.

ಕಾಸರಗೋಡಿನಿಂದ:

'ಊದ್ ಎಂಬ ತಂತಿವಾದ್ಯದಲ್ಲಿ' ಮಾಡಿದೆ. ಕಳಿಸಿ ಆಯಿತು.