ನಾಯಿಮರಿ ಕಚ್ಚೋದನ್ನ ಬಿಡಿಸೋದು ಹೇಗೆ?

ಪ್ರಶ್ನೆ (ಕಲಬುರಗಿ): ಡಾಕ್ಟರ್ ಸಾಹೇಬ್ರೇ, ನಮಸ್ಕಾರ. ನಮ್ಮ ಲ್ಯಾಬ್ರಡಾರ್ ಮರಿಗೆ ಎರಡೂವರೆ ತಿಂಗಳು. ಬಿಸಿಲಿಗೆ ಹೊರಗೆ ಬಿಡುವ ಹಾಗಿಲ್ಲ, ಹಗಲೆಲ್ಲ ಕೂಲರ್ ಮುಂದೆ ಬಿದ್ದಿರುತ್ತದೆ. ಸಂಜೆ ಆಯ್ತು ಅಂದರೆ ಕೈ, ಕಾಲು, ಅತ್ತೆಯವರ ಸೀರೆ ಸೆರಗು, ಯಾವುದನ್ನೂ ಬಿಡುವುದಿಲ್ಲ. ಏಳು ವರ್ಷದ ಮಗಳು ಮಂಚದಿಂದ ಇಳಿಯೋದೇ ಇಲ್ಲ. ನಮ್ಮವರು ಮೂತಿಗೆ ಎರಡು ಬಿಡು ಅಂತಾರೆ, ಪಕ್ಕದ ಮನೆಯವರು ಕೈಗೆ ಖಾರಪುಡಿ ಸವರಿಕೊ ಅಂತಾರೆ. ಏನು ಮಾಡಲಿ?

ಉತ್ತರ (ಪಶುವೈದ್ಯರು): ಎರಡೂ ಬೇಡ ರೀ. ಹೊಡೆದರೆ ಕೈ ಕಂಡಾಗ ಹೆದರುತ್ತದೆ, ಮುಂದೆ ಹೆದರಿಕೆಯಿಂದಲೇ ಜೋರಾಗಿ ಕಚ್ಚಬಹುದು. ಖಾರಪುಡಿ ಅದರ ಕಣ್ಣಿಗೆ ಬಿದ್ದರೆ ಇನ್ನೊಂದು ರಗಳೆ.

ಈ ವಯಸ್ಸಿಗೆ ಬಾಯಿ ಹಾಕೋದು ಆಟ, ಸಿಟ್ಟಲ್ಲ. ಹಲ್ಲು ತಾಗಿದ ಕ್ಷಣ ಆಟ ನಿಲ್ಲಿಸಿ. ಕೈ ಜಗ್ಗಬೇಡಿ, ಜಗ್ಗಿದರೆ ಅದಕ್ಕೆ ಇನ್ನೂ ಮಜಾ. ಸುಮ್ನೆ ಎದ್ದು ಅರ್ಧ ನಿಮಿಷ ಬಾಗಿಲಾಚೆ ಹೋಗಿ, ಬಂದು ಹಗ್ಗವನ್ನೋ ಗೊಂಬೆಯನ್ನೋ ಬಾಯಿಗೆ ಕೊಡಿ. ಅದನ್ನು ಕಚ್ಚಿದರೆ ಶಹಬ್ಬಾಸ್ ಅನ್ನಿ. ಮನೆಮಂದಿ ಎಲ್ಲರೂ ಹೀಗೇ ಮಾಡಬೇಕು, ಇದೇ ಕಷ್ಟದ ಕೆಲಸ. ನೀವು ಕಲಿಸುತ್ತಿರುವಾಗ ನಿಮ್ಮವರು ಕೈಬೆರಳು ಆಡಿಸಿ ಕುಸ್ತಿ ಹಿಡಿದರೆ ಮರಿ ಏನು ತಿಳಿಯಬೇಕು ಹೇಳಿ?

ಮಗಳು ಕಿರುಚಿ ಓಡಬಾರದು, ಓಡಿದರೆ ಬೆನ್ನಟ್ಟುತ್ತದೆ. ಕೈ ಕಟ್ಟಿಕೊಂಡು ಮರದ ಹಾಗೆ ನಿಲ್ಲಲಿ. ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡಬೇಡಿ.

ಇನ್ನು ಸಂಜೆಯ ಹುಚ್ಚಾಟ. ಮರಿಗೆ ದಿನಕ್ಕೆ 18 ರಿಂದ 20 ಗಂಟೆ ನಿದ್ದೆ ಬೇಕು. ಮನೆ ತುಂಬ ಮಂದಿ ಇದ್ದು ಎಲ್ಲರೂ ಎತ್ತಿಕೊಂಡು ಮುದ್ದು ಮಾಡುತ್ತಿದ್ದರೆ ನಿದ್ದೆ ಕೆಟ್ಟು, ಸಣ್ಣ ಮಕ್ಕಳು ರಚ್ಚೆ ಹಿಡಿದ ಹಾಗೆ ಇದು ಕಚ್ಚಲು ಶುರುಮಾಡುತ್ತದೆ. ಆಗ ಆಟ ಜಾಸ್ತಿ ಮಾಡಬೇಡಿ, ತಂಪು ಮೂಲೆಯಲ್ಲಿ ಮಲಗಿಸಿ. ಆಟವೆಲ್ಲ ಬೆಳಗ್ಗೆ ಬಿಸಿಲೇರುವ ಮೊದಲೇ ಆಗಲಿ.

ಪ್ರಶ್ನೆ (ಬೀದರ್): ನಮ್ಮದಕ್ಕೆ ನಾಲ್ಕು ತಿಂಗಳು. ಕಡಿಯಲಿ ಅಂತ ಖಡಕ್ ರೊಟ್ಟಿ ಕೊಡುತ್ತೇವೆ, ಹಳೇ ಚಪ್ಪಲಿನೂ ಕೊಟ್ಟಿದ್ದೇವೆ. ನಡೆಯುತ್ತಾ ಸರ್?

ಉತ್ತರ: ಅದಕ್ಕೀಗ ಹಾಲುಹಲ್ಲು ಬೀಳುವ ಕಾಲ. 28 ಹಾಲುಹಲ್ಲು ಹೋಗಿ ಆರೇಳು ತಿಂಗಳಿಗೆ 42 ಹಲ್ಲು ಬರುತ್ತವೆ, ಅಲ್ಲಿತನಕ ವಸಡು ತುರಿಸುತ್ತದೆ. ಖಡಕ್ ರೊಟ್ಟಿ ಕಟುಂ ಕುಟುಂ ಅಂತ ತಿಂದು ಮುಗಿಸುತ್ತದೆ, ತುರಿಕೆ ಹಾಗೇ ಇರುತ್ತದೆ. ಹಳೇ ಟವೆಲ್ ಒದ್ದೆ ಮಾಡಿ, ಹಿಂಡಿ, ಹುರಿ ಮಾಡಿ ಫ್ರೀಜರಿನಲ್ಲಿಟ್ಟು ನಿಮ್ಮ ಕಣ್ಣೆದುರೇ ಕೊಡಿ, ದಾರ ಕಿತ್ತು ನುಂಗಬಾರದು ನೋಡಿ. ಬೇಯಿಸಿದ ಎಲುಬು ಬೇಡವೇ ಬೇಡ, ಚೂರಾಗಿ ಗಂಟಲಿಗೆ ಚುಚ್ಚುತ್ತದೆ. ಚಪ್ಪಲಿಯನ್ನಂತೂ ಇವತ್ತೇ ಕಸಕ್ಕೆ ಹಾಕಿ. ಹಳೇದು, ಹೊಸದು ಅಂತ ಅದಕ್ಕೇನು ಗೊತ್ತು?

ಪ್ರಶ್ನೆ (ಯಾದಗಿರಿ): ಬೀದಿಯಿಂದ ತಂದ ಮರಿ. ಆಟ ಆಡುವಾಗ ಹಲ್ಲು ತಾಗಿ ತಮ್ಮನಿಗೆ ಸ್ವಲ್ಪ ರಕ್ತ ಬಂತು. ಸಣ್ಣ ಮರಿ ಅಲ್ವಾ, ಇಂಜೆಕ್ಷನ್ ಬೇಕಾ? ಅಮ್ಮ ಅರಿಶಿನ ಹಚ್ಚಿದ್ದಾರೆ.

ಉತ್ತರ: ಬೇಕು. ಮರಿ ಸಣ್ಣದಾದರೂ ರೇಬಿಸ್ ಇರಬಹುದು. ಅರಿಶಿನ ತೊಳೆದುಬಿಡಿ, ಸುಣ್ಣ, ಖಾರಪುಡಿ ಏನೂ ಹಚ್ಚಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಷ್ಟು ಇಂಜೆಕ್ಷನ್ ಅಂತ ಅವರೇ ಹೇಳುತ್ತಾರೆ, ಒಂದನ್ನೂ ತಪ್ಪಿಸಬೇಡಿ. ಮರಿಗೆ ಮೂರು ತಿಂಗಳು ತುಂಬಿದ್ದರೆ ಅದನ್ನೂ ಪಶು ಆಸ್ಪತ್ರೆಗೆ ಒಯ್ದು ರೇಬಿಸ್ ಲಸಿಕೆ ಕೇಳಿ. ಮಂಕಾದರೆ, ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ ಮುಟ್ಟದೆ ತಕ್ಷಣ ತಿಳಿಸಿ.