ಎಸಿ ತರೂಕಿಂತ ಮೊದಲ ಮಾಳಿಗಿ ಕಡೆ ನೋಡು

ಯವ್ವಾ, ನಿನ್ನ ವಾಯ್ಸ್ ಮೆಸೇಜ್ ಮುಂಜಾನೇನ ಕೇಳಿದೆ. ರೊಟ್ಟಿ ಬಡದು, ನಿಮ್ಮ ಕಾಕಾಗ ಊಟಕ್ಕ ಹಾಕಿ ಈಗ ಕುಂತು ಹೇಳಾಕತ್ತೀನಿ. ಉದ್ದ ಆಗ್ತೈತಿ, ಪೂರಾ ಕೇಳು. ಆಶ್ರಮ ರೋಡಿನ ಹೊಸಾ ಮನಿ ಕಟ್ಟಕಡೀ ಮಾಳಿಗಿ ಐತಿ, ರಾತ್ರಿ ಹನ್ನೊಂದಾದ್ರೂ ಗ್ವಾಡಿ ಮುಟ್ಟಿದ್ರ ಬಿಸಿ ಇರ್ತೈತಿ, ಕೂಸು ಬೆವತು ಬೆವತು ಏಳ್ತೈತಿ, ಅತ್ತಿಯವರಿಗೆ ಬಿಪಿ ಬ್ಯಾರೆ, ಒಂದೂವರಿ ಟನ್ನಿನ ಎಸಿ ಕಂತಿನ ಮ್ಯಾಲ ತಗೋಳೂಣೋ ಬ್ಯಾಡೋ ಅಂತ ಕೇಳಿದಿ. ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಈ ವಾರ ಅಂಗಡಿಗೆ ಹೋಗಬ್ಯಾಡ. ಮೊದಲ ಬಿಸಲು ಮನಿಯೊಳಗ ಎಲ್ಲಿಂದ ಬರಾಕತ್ತೈತಿ ಅನ್ನೂದು ನೋಡು. ಅದನ್ನ ತಡೀಲಾರದ ಎಸಿ ಹಚ್ಚಿದ್ರ, ಒಲಿ ಉರಿ ಆರಸಲಾರದ ಮ್ಯಾಲ ತಣ್ಣೀರು ಹಾಕಿದಂಗ ಆಗ್ತೈತಿ.

ನಿಮ್ಮ ಮನಿ ಕಾಯೂದು ನೆತ್ತಿ ಮ್ಯಾಲಿನ ಸ್ಲ್ಯಾಬಿನಿಂದ. ಮೇ ತಿಂಗಳ ಮೊದಲ ಹದಿನೈದು ದಿನದಾಗ ನಮ್ಮ ವಿಜಯಪುರದಾಗ ಮಧ್ಯಾನ ಸೂರ್ಯ ನೆಟ್ಟಗ ತಲಿ ಮ್ಯಾಲ ಬರ್ತಾನ, ಒಂದು ಕೋಲು ನಿಲ್ಲಿಸಿದ್ರ ನೆರಳ ಬೀಳಂಗಿಲ್ಲ. ಅಂದ್ರ ಆ ಬಿಸಲು ಗ್ವಾಡಿಗಿಂತ ಹೆಚ್ಚು ಮಾಳಿಗಿ ಮ್ಯಾಲ ಬೀಳ್ತೈತಿ. ನಾಕೈದು ಇಂಚಿನ ಕಾಂಕ್ರೀಟ್ ಅದನ್ನ ಹಗಲೆಲ್ಲಾ ಕುಡದು, ಸಂಜೀ ಮುಂದ ಕೆಳಗ ಬಿಡಾಕ ಸುರು ಮಾಡ್ತೈತಿ. ಹೊರಗ ಗಾಳಿ ತಣ್ಣಗಾಗಿದ್ರೂ ಒಳಗ ಧಗಿ ಇರೂದು ಅದಕ್ಕ. ಫ್ಯಾನ್ ಜೋರು ಇಟ್ಟಷ್ಟೂ ಅದ ಬಿಸಿ ಮೈಮ್ಯಾಲ ಬೀಳ್ತೈತಿ.

ಊರಾಗ ನಮ್ಮ ಅಜ್ಜನ ಮನಿ ನಿನಗ ನೆನಪೈತೇನು? ಮ್ಯಾಲ್ಮುದ್ದಿ ಮನಿ. ಕಟಗಿ ಜಂತಿ ಮ್ಯಾಲ ಮೊಳದಷ್ಟು ಮಣ್ಣು, ನಡುವ ಬೆಳಕಿಂಡಿ. ಉರಿ ಬಿಸಲಾಗಿಂದ ಬಂದು ಪಡಸಾಲ್ಯಾಗ ಕುಂತ್ರ ಹಾ ಅನಸ್ತಿತ್ತು. ಗೋಳಗುಮ್ಮಟದಾಗ ಮಧ್ಯಾನ ಹೊಕ್ಕಾಗನೂ ಹಂಗ ಅನಸ್ತೈತಿ ನೋಡು, ಹತ್ತು ಅಡಿ ದಪ್ಪನ ಗ್ವಾಡಿ, ಹೊರಗಿನ ಬಿಸಿ ಒಳಗ ದಾಟೂದ್ರಾಗ ಹೊತ್ತ ಮುಣಗಿರ್ತೈತಿ. ಅಪಾರ್ಟ್‌ಮೆಂಟಿನಾಗ ನಾವು ಅಷ್ಟು ದಪ್ಪ ಕಟ್ಟಾಕ ಆಗಂಗಿಲ್ಲ. ಆದ್ರ ಮ್ಯಾಲಿನ ಬಣ್ಣಾ ಬದಲಿ ಮಾಡಾಕ ಬರ್ತೈತಿ.

ನಾವು ಮಾಡಿದ್ದು ಹೇಳ್ತೀನಿ. ನಮ್ಮ ಜಲನಗರದ ಕಟ್ಟಡದಾಗ ನಮ್ಮದೂ ಕೊನೀ ಮಾಳಿಗಿನ. ಸೊಸೈಟಿಯವರಿಗೆ ಕೇಳಿ, ನಮ್ಮ ಮನಿ ಮ್ಯಾಲ ಬರೂ ಟೆರೇಸ್ ಭಾಗ ಕಸಾ ಹೊಡದು, ತೊಳದು, ಬಿರುಕು ಮುಚ್ಚಿಸಿ, ಕಲ್ಲಸುಣ್ಣ ರಾತ್ರಿ ನೆನಸಿಟ್ಟು, ಸೋಸಿ, ಫೆವಿಕಾಲ್ ಕಲಸಿ ಸಂಜೀ ಮುಂದ ಎರಡು ಕೋಟ್ ಹೊಡಸಿದ್ವಿ. ಮೊದಲ ಮಧ್ಯಾನ ಬರಿಗಾಲಿಲೆ ಅಲ್ಲಿ ನಿಂದರಾಕ ಆಗ್ತಿದ್ದಿಲ್ಲ, ಹಪ್ಪಳ ಒಣಾಹಾಕಾಕ ಹೋದಾಗ ಅಂಗಾಲು ಸುಡತಿದ್ವು. ಸುಣ್ಣಾ ಆದ ಮ್ಯಾಲ ಎರಡ ಗಂಟೆಗೂ ಕಾಲಿಡಬಹುದು. ರಾತ್ರಿ ಮಲಗೂ ಕ್ವಾಣ್ಯಾಗ ಮೂರನೇ ದಿನಕ್ಕ ಫರಕ ಗೊತ್ತಾತು. ಮಳಿಗಾಲಕ್ಕ ತೊಳದು ಹೋಗ್ತೈತಿ, ಹಿಂಗಾಗಿ ವರ್ಷಾ ಶಿವರಾತ್ರಿ ಮುಗದ ಮ್ಯಾಲ ಮತ್ತೊಮ್ಮೆ ಹೊಡಸ್ಬೇಕು. ಬಿಸಲು ತಿರಗಿಸೂ ಬಿಳೇ ಪೇಂಟ್ ಬರ್ತೈತಿ, ಅದು ತುಟ್ಟಿ, ಆದ್ರ ಹೆಚ್ಚು ದಿನ ಬಾಳಿಕಿ ಬರ್ತೈತಿ. ಬಾಡಿಗಿ ಮನಿ ಇದ್ದೋರಿಗೆ ಸುಣ್ಣಾನ ಸಾಕು. ಸುಣ್ಣದ ಕೆಲಸಾ ಮಾಡೋರು ಕೈಗೆ ಗವಸ, ಕಣ್ಣಿಗೆ ಚಸ್ಮಾ ಹಾಕ್ಕೋಬೇಕು, ಕೂಸಿನ್ನ ಅಲ್ಲಿ ಬಿಡಬ್ಯಾಡ. ಟೆರೇಸ್ ಮ್ಯಾಲ ನೀರು ಸುರಿಯೂದು ಬ್ಯಾಡವ್ವ, ಮೊದಲ ನೀವು ಟ್ಯಾಂಕರ್ ತರಸಾಕತ್ತೀರಿ.

ಎರಡನೇದು ಕಿಡಕಿ. ನಿಮ್ಮ ಬೆಡ್‌ರೂಮ್ ಹೊತ್ತು ಮುಣಗೂ ಕಡಿ ಐತಿ ಅಂದಿ, ಅದ ದೊಡ್ಡ ತ್ರಾಸ. ದಪ್ಪನ ಪಡದಾ ಹಾಕೀವಿ ಅಂತ ನೀ ಸಮಾಧಾನ ಮಾಡ್ಕೊಂಡೀದಿ, ಆದ್ರ ಕಾಜು ದಾಟಿದ ಬಿಸಲು ಆಗಲೇ ಒಳಗ ಬಂತು, ಪಡದಾ ಕಾದು ಆ ಬಿಸಿ ಕ್ವಾಣ್ಯಾಗ ಉಳೀತೈತಿ. ತಡಿಯೂದಿದ್ರ ಕಾಜಿನ ಹೊರಗ ತಡೀಬೇಕು. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿಗೆ ಕಟ್ಟಿರ್ತಾರಲ್ಲ ಹಸರ ಶೇಡ್‌ನೆಟ್, ಅದ ತರಸು. ಬೀಜ-ಗೊಬ್ಬರದ ಅಂಗಡ್ಯಾಗ ಮೀಟರ್ ಲೆಕ್ಕದಾಗ ಸಿಗ್ತೈತಿ, 75 ಪರ್ಸೆಂಟ್ ಬಿಸಲು ತಡಿಯೂದು ಕೇಳು. ಬಾಲ್ಕನಿ ಗ್ರಿಲ್ಲಿಗೆ, ಕಿಡಕಿ ಹೊರಗಿನ ಜಾಳಗಿಗೆ, ಕಾಜಿನಿಂದ ಗೇಣ ದೂರ ಇರೂಹಂಗ ಕಟ್ಟು. ಗಾಳಿಯೂ ಆಡತೈತಿ, ಬೆಳಕೂ ಬರ್ತೈತಿ. ಬಿದರಿನ ತಟ್ಟಿ ಇದ್ರ ಇನ್ನೂ ಛಲೋ.

ಮುಂಜಾನಿ ಎಂಟಕ್ಕ ಕಿಡಕಿ ಪೂರಾ ಬಂದ್. ಸಂಜಿ ಏಳಾದ ಮ್ಯಾಲ, ಹೊರಗಿನ ಗಾಳಿ ಒಳಗಿನಕಿಂತ ತಣ್ಣಗಾದ ಕೂಡಲೇ ಎಲ್ಲಾ ತಗದು ಬಿಡು, ಸೊಳ್ಳಿ ಜಾಳಗಿ ಇದ್ರ ರಾತ್ರಿಯೆಲ್ಲಾ ತೆರದಿರಲಿ. ಟೇಬಲ್ ಫ್ಯಾನಿನ ಮುಖ ಹೊರಗ ಮಾಡಿ ಒಂದು ಕಿಡಕ್ಯಾಗ ಇಟ್ರ ಒಳಗಿನ ಬಿಸಿ ಹೊರಗ ಹೋಗಿ, ಎದುರಿನ ಕಿಡಕಿಯಿಂದ ತಂಪು ಗಾಳಿ ಎಳಕೋತೈತಿ. ನಮ್ಮ ಊರಿನ ಭಾಗ್ಯ ಅಂದ್ರ ಇದ, ಹಗಲು ನಲವತ್ತು ದಾಟಿದ್ರೂ ನಸುಕಿನ್ಯಾಗ ಗಾಳಿ ಇಳೀತೈತಿ. ಅದನ್ನ ಬಿಟ್ಟು ರಾತ್ರಿ ಬಾಗಲಾ ಹಾಕ್ಕೊಂಡು ಮಲಗೂದು ಕಂಡ್ರ ನನಗ ಕೆಡಕ ಅನಸ್ತೈತಿ.

ಇನ್ನ ಬಿಲ್ಲಿನ ಮಾತು. ಹೆಸ್ಕಾಂ ಬಿಲ್ಲಿನ್ಯಾಗ ನಿಮ್ಮ ಗೃಹಜ್ಯೋತಿ ಪುಕ್ಕಟ ಯುನಿಟ್ ಎಷ್ಟಂತ ಬರದಿರ್ತೈತಿ, ತಗದು ನೋಡು. ಅದಕ್ಕಿಂತ ಹೆಚ್ಚಾದ್ರ ಹೆಚ್ಚಾದಷ್ಟಕ್ಕ ರೊಕ್ಕ ಕೊಡಬೇಕು. 200 ಯುನಿಟ್ ದಾಟಿತು ಅಂದ್ರ ಆ ತಿಂಗಳು ಪೂರಾ ಬಿಲ್ಲು ನಿಮ್ಮ ತಲಿ ಮ್ಯಾಲ. ಒಂದೂವರಿ ಟನ್ನಿನ ಎಸಿ ಜೋರಾಗಿ ತಿರಗಿದ್ರ ಸುಮಾರು 1500 ವ್ಯಾಟ್ ಎಳೀತೈತಿ. ನಡನಡುವ ನಿಂತು ನಿಂತು ನಡದ್ರೂ ರಾತ್ರಿ ಎಂಟು ತಾಸಿಗೆ ಏಳು ಯುನಿಟ್ ಅಂತ ಹಿಡಿ. ತಿಂಗಳಿಗೆ 210. ಫ್ರಿಜ್, ಮಿಕ್ಸರ್, ಟಿವಿ ಲೆಕ್ಕಾ ಹಿಡಿಯೂದ್ರಾಗನ ಗೆರಿ ದಾಟಿ ಹೋತು. ಅದ ಕೂಲರ್ 180 ವ್ಯಾಟಿಂದು ದಿನಾ ಹತ್ತು ತಾಸು ಹಚ್ಚಿದ್ರೂ ತಿಂಗಳಿಗೆ 54 ಯುನಿಟ್. ಮಂಗಳೂರಾಗ ಕೂಲರ್ ನಡಿಯಂಗಿಲ್ಲ, ಅಲ್ಲಿ ಗಾಳ್ಯಾಗ ಮೊದಲ ನೀರೈತಿ. ನಮ್ಮದು ಒಣ ಗಾಳಿ, ಒದ್ದೀ ಪ್ಯಾಡಿನಾಗ ಹಾದ್ರ ನೀರು ಆವಿ ಆಗಿ ಗಾಳಿ ತಣ್ಣಗಾಗ್ತೈತಿ. ಆದ್ರ ಒಂದು ಮಾತು ಮರೀಬ್ಯಾಡ. ಮೊದಲ ವರ್ಷ ನಾ ತಂಪು ಹೋಗಬಾರದಂತ ಎಲ್ಲಾ ಬಂದ್ ಮಾಡಿ ಕೂಲರ್ ಹಚ್ಚಿದ್ದೆ. ಎರಡು ತಾಸಿನ್ಯಾಗ ಹಾಸಿಗಿ ಸೈತ ಹಸಿ ಹಸಿ ಆಗಿ, ಮೈ ಅಂಟಂಟ ಆಗಿ, ಮೊದಲಿನಕಿಂತ ಹೆಚ್ಚು ಕುದಿ ಸುರು ಆತು. ಕೂಲರಿನ ಬೆನ್ನು ಹೊರಗಿನ ಗಾಳಿಗೆ ಇರಬೇಕು, ಎದುರಿನ ಕಿಡಕಿ ಒಂದಿಷ್ಟು ತೆರದಿರಬೇಕು, ಹಸೀ ಗಾಳಿ ಹೊರಗ ಹೋಗಾಕ ಹಾದಿ ಬೇಕು. ಟಾಕಿ ನೀರು ನಾಕೈದು ದಿನಕ್ಕೊಮ್ಮೆ ಚೆಲ್ಲಿ ತಿಕ್ಕು, ಇಲ್ಲಾಂದ್ರ ಸೊಳ್ಳಿ ಹುಟ್ಟತಾವು. ಜೂನ್‌ದಾಗ ಮಳಿ ಹಿಡದ ಮ್ಯಾಲ ಕೂಲರ್ ಉಪಯೋಗ ಇಲ್ಲ.

ಫ್ಯಾನ್ ಹಳೇವಿದ್ರ ಒಂದೊಂದ ಬದಲಿ ಮಾಡು. ಹಳೇದು 75 ವ್ಯಾಟ್ ತಿಂತೈತಿ, ಬಿಎಲ್‌ಡಿಸಿ ಅನ್ನೂ ಕಡಿಮಿ ಕರೆಂಟಿನ ಮೋಟರ್ ಇರೂ ಫ್ಯಾನ್ 30ರ ಆಸುಪಾಸು. ದಿನಾ 15 ತಾಸು ನಡದ್ರ ಒಂದ ಫ್ಯಾನಿಗೆ ತಿಂಗಳಿಗೆ 20 ಯುನಿಟ್ ಉಳೀತಾವು. ಯಾರೂ ಇಲ್ಲದ ಕ್ವಾಣ್ಯಾಗ ಫ್ಯಾನ್ ಬಂದ್ ಮಾಡು, ಫ್ಯಾನ್ ಕ್ವಾಣಿ ತಣ್ಣಗ ಮಾಡಂಗಿಲ್ಲ, ಮೈ ಬೆವರು ಆರಸ್ತೈತಿ ಅಷ್ಟ. ಗೀಜರ್ ಸ್ವಿಚ್ಚು ಬ್ಯಾಸಗಿ ಮುಗಿಯೂತನಾ ಮುಟ್ಟಬ್ಯಾಡ, ಟಾಕಿ ನೀರ ಬಿಸಿ ಇರ್ತಾವು. ಫ್ರಿಜ್ ಗ್ವಾಡಿಯಿಂದ ಗೇಣ ಮುಂದ ಎಳಿ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಅತ್ತಿಯವರಿಗೆ ತಡಕೊಳ್ಳಾಕ ಆಗಲಿಲ್ಲಂದ್ರ ಎಸಿ ತಗೋ, ಹಿಂದ ಮುಂದ ನೋಡಬ್ಯಾಡ. ಹಿರೇರು, ಸಣ್ಣ ಕೂಸು ಇರೂ ಮನ್ಯಾಗ ಬಿಲ್ಲು ಉಳಿಸಾಕ ಹೋಗಿ ದವಾಖಾನಿ ಹಾದಿ ಹಿಡಿಯೂದು ಬ್ಯಾಡ. ಆದ್ರ ಒಂದ ಕ್ವಾಣಿಗೆ ಹಾಕು, ಅತ್ತಿ, ಕೂಸು, ನೀವು ಎಲ್ಲಾರೂ ಅಲ್ಲೇ ಮಲಗ್ರಿ. ಸುಣ್ಣಾ ಹೊಡದು, ನೆರಳು ಕಟ್ಟಿದ ಸಣ್ಣ ಕ್ವಾಣಿಗೆ ಒಂದು ಟನ್ ಸಾಕಾಗ್ತೈತಿ, ಐದು ಸ್ಟಾರಿಂದು ನೋಡು. 2020ರಿಂದ ಹೊಸಾ ಎಸಿ ಹಚ್ಚಿದ ಕೂಡಲೇ 24ಕ್ಕ ನಿಲ್ಲೂಹಂಗ ನಿಯಮ ಮಾಡ್ಯಾರ. 18ಕ್ಕ ಇಳಿಸಿದ್ರ ಲಗೂ ತಂಪಾಗ್ತೈತಿ ಅನ್ನೂದು ಖರೇ ಅಲ್ಲ. ನೀ 26, 27 ಇಟ್ಟು ಮ್ಯಾಲ ಫ್ಯಾನ್ ಸಣ್ಣಗ ಬಿಡು. ಒಂದು ಡಿಗ್ರಿ ಏರಿಸಿದ್ರ ಸುಮಾರು 6 ಪರ್ಸೆಂಟ್ ಕರೆಂಟ್ ಉಳೀತೈತಿ. ನಮ್ಮ ಊರಿನ ಧೂಳಿಗೆ ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೀಬೇಕು.

ಅತ್ತಿಯವರಿಗೆ ಮಧ್ಯಾನ ಮಜ್ಜಿಗಿ, ಅಂಬಲಿ ಕೊಡಕೋತ ಇರು, ಹನ್ನೆರಡರಿಂದ ನಾಕರ ತನಾ ಹೊರಗ ಬಿಡಬ್ಯಾಡ. ಇವತ್ತ ಸಂಜೀಗೆ ಹೊತ್ತು ಮುಣಗೂ ಕಡಿ ಕಿಡಕಿ, ಬಾಲ್ಕನಿ ಎರಡರದೂ ಉದ್ದಾ ಅಗಲಾ ಟೇಪ್ ಹಿಡದು ಇಲ್ಲೇ ಬರದು ಹಾಕು. ನಾಳೆ ನಿಮ್ಮ ಕಾಕಾ ಎಪಿಎಂಸಿ ಕಡೆ ಹೊಂಟಾರ, ನೆಟ್ ಹರಸ್ಕೊಂಡು ಬರ್ತಾರ.