ಪುರಸಭೆಯಿಂದ ರಸ್ತೆ ಕಾಮಗಾರಿಯ ದಾಖಲೆ ಪಡೆಯುವುದು ಹೇಗೆ? ಮೊದಲ ಅರ್ಜಿಗೆ ಹಿಂಬರಹ ಬಂದಿದೆ

ಹಳೇಪೇಟೆ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಬಯಲುಸೀಮೆಯ ಒಂದು ಪುರಸಭೆ ಪಟ್ಟಣ. ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆ ಹಾಕಿ, ಒಂದು ಮಗ್ಗುಲಿಗೆ ಚರಂಡಿಯನ್ನೂ ಕಟ್ಟಿದರು. ಮಳೆಗಾಲ ಮುಗಿಯುವಷ್ಟರಲ್ಲಿ ರಸ್ತೆಯ ಮೇಲ್ಪದರ ಪುಡಿಯಾಗಿ ಜಲ್ಲಿ ಎದ್ದು ಬಂತು. ನಲ್ಲಿ ಸಂಪರ್ಕಕ್ಕೆಂದು ಅಗೆದ ಕಡೆಯಲ್ಲಂತೂ ಅಂಚು ಬಿಸ್ಕತ್ತಿನಂತೆ ಮುರಿಯುತ್ತಿದೆ.

ಮಾಹಿತಿ ಹಕ್ಕು ಅಧಿನಿಯಮದಡಿ ಪುರಸಭೆಗೆ ಅರ್ಜಿ ಸಲ್ಲಿಸಿದೆ. ರಸ್ತೆ ಒಂದೇ ವರ್ಷದಲ್ಲಿ ಏಕೆ ಹಾಳಾಯಿತು, ಅದಕ್ಕೆ ಯಾರು ಹೊಣೆ, ಗುತ್ತಿಗೆದಾರರ ಮೇಲೆ ಯಾವ ಕ್ರಮ ಕೈಗೊಳ್ಳುವಿರಿ ಎಂದು ಕೇಳಿ, ಕಳೆದ ಹತ್ತು ವರ್ಷಗಳಲ್ಲಿ ನಮ್ಮ ವಾರ್ಡಿನಲ್ಲಿ ನಡೆದ ಎಲ್ಲ ಕಾಮಗಾರಿಗಳ ಸಂಪೂರ್ಣ ವಿವರವನ್ನೂ ಕೋರಿದ್ದೆ. ಇಪ್ಪತ್ತೆಂಟನೆಯ ದಿನ ಹಿಂಬರಹ ಬಂತು: ‘ಸದರಿ ಅರ್ಜಿಯಲ್ಲಿನ ಅಂಶಗಳು ಪ್ರಶ್ನಾರೂಪದಲ್ಲಿದ್ದು ಮಾಹಿತಿಯ ವ್ಯಾಖ್ಯೆಯಡಿ ಬರುವುದಿಲ್ಲ, ಉಳಿದ ಮಾಹಿತಿಯು ಬೃಹತ್ ಪ್ರಮಾಣದ್ದಾಗಿದ್ದು, ನಿರ್ದಿಷ್ಟವಾಗಿ ಕೋರಿದಲ್ಲಿ ಪರಿಶೀಲಿಸಲಾಗುವುದು.’ ಇಷ್ಟೇ. ಹೀಗೆ ತಳ್ಳಿಹಾಕಲು ಕಾನೂನಿನಲ್ಲಿ ಅವಕಾಶವಿದೆಯೇ? ಇದ್ದರೆ, ಎರಡನೆಯ ಅರ್ಜಿಯನ್ನು ಹೇಗೆ ಬರೆಯಬೇಕು?

ಇನ್ನೊಂದು ಸಂಕೋಚವನ್ನೂ ಹೇಳಿಬಿಡುತ್ತೇನೆ. ಟಪಾಲು ವಿಭಾಗದಲ್ಲಿ ಕುಳಿತಿರುವವರು ನಮ್ಮ ಹಿಂದಿನ ಬೀದಿಯವರೇ. ನಾನು ಅರ್ಜಿ ಕೊಟ್ಟ ಸಂಜೆಯೇ ‘ಏನಪ್ಪಾ, ನಿಮ್ಮ ಹುಡುಗ ಅರ್ಜಿ ಹಾಕಿದಾನಂತೆ’ ಎಂದು ನಮ್ಮ ತಂದೆಯವರನ್ನು ಅಂಗಡಿಯಲ್ಲಿ ಇಬ್ಬರು ವಿಚಾರಿಸಿಕೊಂಡು ಹೋದರು. ಆ ಅಂಗಡಿಯ ವ್ಯಾಪಾರ ಪರವಾನಗಿ ನವೀಕರಣವಾಗಬೇಕಾದದ್ದೂ ಅದೇ ಕಚೇರಿಯಲ್ಲಿ.

ನಿವೃತ್ತ ಗುಮಾಸ್ತ

ನಿಮ್ಮ ಹಿಂಬರಹ ಓದಿ ಸ್ವಲ್ಪ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಪ್ರಥಮ ದರ್ಜೆ ಸಹಾಯಕನಾಗಿ ಮೂರು ಊರುಗಳ ಪುರಸಭೆಗಳಲ್ಲಿ ಕೆಲಸ ಮಾಡಿದವನು ನಾನು; ಇದೇ ಒಕ್ಕಣೆಯ ಹಿಂಬರಹಗಳ ಕರಡನ್ನು ನಾನೇ ಎಷ್ಟೋ ಬಾರಿ ಬರೆದು ಸಹಿಗೆ ಕಳುಹಿಸಿದ್ದೇನೆ. ಆದ್ದರಿಂದ ಮೇಜಿನ ಆಚೆ ಬದಿಯಿಂದ ಹೇಳುತ್ತೇನೆ.

ಅಧಿನಿಯಮದ ಪ್ರಕಾರ ಮಾಹಿತಿ ಎಂದರೆ ಕಚೇರಿಯಲ್ಲಿ ಈಗಾಗಲೇ ಯಾವುದಾದರೂ ರೂಪದಲ್ಲಿ ಇರುವಂಥದ್ದು. ‘ಏಕೆ’, ‘ಯಾರು ಹೊಣೆ’ ಎಂಬ ಪ್ರಶ್ನೆಗಳಿಗೆ ಯಾವ ಕಡತದಲ್ಲಿಯೂ ಉತ್ತರ ಬರೆದಿಟ್ಟಿರುವುದಿಲ್ಲ. ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡುವ, ಅಭಿಪ್ರಾಯ ಹೇಳುವ ಹೊಣೆ ಕಚೇರಿಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೂ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಅರ್ಜಿಯ ಮೊದಲ ಭಾಗ ಬಿದ್ದುಹೋಯಿತು. ಹತ್ತು ವರ್ಷಗಳ ‘ಸಂಪೂರ್ಣ ವಿವರ’ ಎಂದು ಕೇಳಿದ ಕೂಡಲೇ ಗುಮಾಸ್ತನಿಗೆ ತಲೆನೋವೂ ಶುರುವಾಗುತ್ತದೆ, ತಪ್ಪಿಸಿಕೊಳ್ಳಲು ದಾರಿಯೂ ಸಿಗುತ್ತದೆ.

ಕಾಗದವನ್ನು ಅದರ ಹೆಸರು ಹಿಡಿದು ಕೇಳಬೇಕು. ಒಂದು ರಸ್ತೆ ಕಾಮಗಾರಿಗೆ ಸಾಮಾನ್ಯವಾಗಿ ಒಂದು ಕಡತವಿರುತ್ತದೆ. ಅದರಲ್ಲಿ ಇಂಜಿನಿಯರ್ ತಯಾರಿಸಿದ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಕಾಗದಗಳು, ಗುತ್ತಿಗೆದಾರರೊಂದಿಗಿನ ಕರಾರು, ಕಾರ್ಯಾದೇಶ, ಗುಣಮಟ್ಟ ಪರೀಕ್ಷಾ ವರದಿ, ಬಿಲ್ಲು ಮತ್ತು ಪಾವತಿ ವೋಚರು ಇರುತ್ತವೆ. ಅಳತೆ ಪುಸ್ತಕ ಮಾತ್ರ ಪ್ರತ್ಯೇಕವಾಗಿ ಇಂಜಿನಿಯರ್ ವಿಭಾಗದಲ್ಲಿರುತ್ತದೆ. ನಮ್ಮವರು ಅದನ್ನು ಎಂಬಿ ಬುಕ್ ಎನ್ನುತ್ತಾರೆ. ಕೆಲಸದ ಉದ್ದ, ಅಗಲ, ದಪ್ಪವನ್ನು ಅಳೆದು ಬರೆದು, ಅದರ ಆಧಾರದ ಮೇಲೆಯೇ ಹಣ ಪಾವತಿಸುತ್ತಾರೆ. ನಿಮಗೆ ಒಂದೇ ಒಂದು ಕಾಗದ ಸಿಗುವುದಾದರೆ ಅಳತೆ ಪುಸ್ತಕದ ಆ ಪುಟಗಳನ್ನೇ ಕೇಳಿ ಎನ್ನುತ್ತೇನೆ. ಮಿಕ್ಕದ್ದರಲ್ಲಿ ಏನಾಗಬೇಕಿತ್ತು ಎಂಬುದಿದ್ದರೆ, ಇದರಲ್ಲಿ ಏನಾಯಿತೆಂದು ಇಂಜಿನಿಯರ್ ಸಹಿ ಮಾಡಿ ಹೇಳಿರುತ್ತಾರೆ. ಕರಾರು ಪತ್ರದಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟೆಂಬುದನ್ನೂ ಮರೆಯದೆ ನೋಡಿ. ಆ ಅವಧಿಯೊಳಗೆ ಕೆಟ್ಟದ್ದನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿಯೇ ಸರಿಪಡಿಸಿಕೊಡಬೇಕು.

ಕಡತದ ಸಂಖ್ಯೆ ಗೊತ್ತಿಲ್ಲದಿದ್ದರೆ ಕಲಂ 4(1)(ಎ) ಅಡಿ ಪ್ರತಿ ಕಚೇರಿಯೂ ಇಡಬೇಕಾದ ಕಡತಗಳ ಪಟ್ಟಿಯನ್ನು ತೋರಿಸಲು ಕೇಳಿ. ಕಚೇರಿ ತನ್ನ ಬಗ್ಗೆ ತಾನೇ ಪ್ರಕಟಿಸಬೇಕಾದ 4(1)(ಬಿ) ಪುಸ್ತಕವನ್ನು ಹದಿನೇಳು ಅಂಶಗಳೆಂದು ಎಲ್ಲರೂ ಬಲ್ಲರು, ಈ ಕಡತಪಟ್ಟಿಯನ್ನು ಕೇಳುವವರು ವಿರಳ. ಅದು ಸಿಗದಿದ್ದರೂ ಚಿಂತೆಯಿಲ್ಲ. ‘ಇಂಥ ವಾರ್ಡಿನಲ್ಲಿ, ಇಂಥವರ ಮನೆಯಿಂದ ಇಂಥ ದೇವಸ್ಥಾನದವರೆಗೆ, ಇಂಥ ಆರ್ಥಿಕ ವರ್ಷದಲ್ಲಿ ನಿರ್ಮಿಸಿದ ಕಾಂಕ್ರೀಟ್ ರಸ್ತೆ’ ಎಂದು ಬರೆದರೆ ಸಾಕು. ಅಂದಾಜು ಪಟ್ಟಿಯ ಶಿರೋನಾಮೆಯಲ್ಲಿ ಕಾಮಗಾರಿಯ ಹೆಸರು ಇರುವುದೇ ಹಾಗೆ: ಇಂಥವರ ಮನೆಯಿಂದ ಇಂಥವರ ಮನೆಯವರೆಗೆ.

ಕರ್ನಾಟಕದ ನಿಯಮಗಳಲ್ಲಿ ಒಂದು ಕಟ್ಟುಪಾಡಿದೆ. ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು. ರಸ್ತೆ ಮತ್ತು ಚರಂಡಿ ಎರಡು ಬೇರೆ ಕಾಮಗಾರಿಗಳಾಗಿದ್ದರೆ ಎರಡು ಅರ್ಜಿ ಹಾಕಿ, ಇಲ್ಲವಾದರೆ ಮೊದಲನೆಯದಕ್ಕಷ್ಟೇ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಮೇಲ್ಕಂಡ ಕಾಮಗಾರಿಯ ಅಂದಾಜು ಪಟ್ಟಿ, ಕರಾರು ಪತ್ರ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಅಂತಿಮ ಬಿಲ್ಲು ಹಾಗೂ ಪಾವತಿ ವೋಚರನ್ನು ಒಳಗೊಂಡ ಕಡತವನ್ನು ಪರಿಶೀಲಿಸಲು ದಿನಾಂಕ ಮತ್ತು ಸಮಯ ನಿಗದಿಪಡಿಸಬೇಕೆಂದೂ, ಪರಿಶೀಲನೆಯ ನಂತರ ನಾನು ಗುರುತಿಸುವ ಪುಟಗಳ ದೃಢೀಕೃತ ನಕಲುಗಳನ್ನು ನೀಡಬೇಕೆಂದೂ ಕೋರುತ್ತೇನೆ.’

ಕಡತವನ್ನು ಮೊದಲು ಕಣ್ಣಾರೆ ನೋಡುವುದೇ ಮೇಲು. ನಕಲು ಮಾತ್ರ ಕೇಳಿದರೆ ಯಾವ ಹಾಳೆ ಬಿಟ್ಟಿದ್ದಾರೆಂಬುದು ನಿಮಗೆ ತಿಳಿಯುವುದೇ ಇಲ್ಲ.

ಜಿಲ್ಲಾ ಕೇಂದ್ರದ ವಕೀಲೆ

ಹಿರಿಯರು ಹೇಳಿದ್ದರಲ್ಲಿ ಒಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ನನ್ನ ಸಹಮತವಿದೆ. ‘ಪರಿಶೀಲನೆಯ ನಂತರ ನಕಲು’ ಎಂದು ಬರೆದರೆ, ಇಂಜಿನಿಯರ್ ರಜೆಯಲ್ಲಿದ್ದಾರೆ, ಲೆಕ್ಕಪರಿಶೋಧನೆ ನಡೆಯುತ್ತಿದೆ ಎಂದು ಪರಿಶೀಲನೆಯ ದಿನಾಂಕವನ್ನೇ ಮುಂದೂಡುತ್ತ ಹೋಗುವುದನ್ನು ನನ್ನ ಕಕ್ಷಿದಾರರ ಪ್ರಕರಣಗಳಲ್ಲಿ ಕಂಡಿದ್ದೇನೆ. ಅಳತೆ ಪುಸ್ತಕ, ಕರಾರು ಪತ್ರ ಮತ್ತು ಪರೀಕ್ಷಾ ವರದಿ, ಈ ಮೂರರ ನಕಲನ್ನು ನೇರವಾಗಿಯೇ ಕೇಳಿ, ಉಳಿದುದಕ್ಕೆ ಪರಿಶೀಲನೆ ಕೋರುವುದು ಕ್ಷೇಮ. ಅಂದ ಹಾಗೆ, ಕಲಂ 2(ಜೆ) ಪ್ರಕಾರ ಕಾಗದವಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಹಾಗೂ ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕೂ ನಿಮಗಿದೆ. ಅದನ್ನು ಬಳಸಿದವರು ನಮ್ಮ ಜಿಲ್ಲೆಯಲ್ಲಿ ನನಗಂತೂ ಕಂಡಿಲ್ಲ.

ನಿಮ್ಮ ಹಿಂಬರಹದಲ್ಲಿ ಒಂದು ದೋಷವಿದೆ. ಅರ್ಜಿಯನ್ನು ತಿರಸ್ಕರಿಸುವಾಗ ಅದಕ್ಕೆ ಕಾರಣ, ಮೇಲ್ಮನವಿ ಸಲ್ಲಿಸಬಹುದಾದ ಅವಧಿ ಮತ್ತು ಮೇಲ್ಮನವಿ ಪ್ರಾಧಿಕಾರದ ವಿವರ, ಈ ಮೂರನ್ನೂ ತಿಳಿಸಬೇಕೆಂದು ಕಲಂ 7(8) ಹೇಳುತ್ತದೆ. ನಿಮಗೆ ಬಂದದ್ದರಲ್ಲಿ ಕಾರಣವೊಂದೇ ಇದೆ. ಆದರೂ ಈ ಹಿಂಬರಹದ ಮೇಲೆ ಮೇಲ್ಮನವಿಗೆ ಹೋಗುವುದಕ್ಕಿಂತ ಹತ್ತು ರೂಪಾಯಿ ಕೊಟ್ಟು ಹೊಸ ಅರ್ಜಿ ಹಾಕುವುದೇ ಲೇಸು. ಮೊದಲ ಅರ್ಜಿಯ ಬರವಣಿಗೆ ಸಡಿಲವಾಗಿರುವುದರಿಂದ ಅದನ್ನು ಎಳೆದಾಡಿ ಫಲವಿಲ್ಲ.

ಅರ್ಜಿಯನ್ನು ನಮೂನೆ ‘ಎ’ಯಲ್ಲಿ, ಪುರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಆ ಅಧಿಕಾರಿ ಯಾರೆಂಬುದು ಕಚೇರಿಯ ಫಲಕದ ಮೇಲಿರಬೇಕು. ಹಲವು ಕಡೆ ಮುಖ್ಯಾಧಿಕಾರಿಗಳೇ ಆಗಿರುತ್ತಾರೆ, ಕೆಲವು ಕಡೆ ವಿಭಾಗಕ್ಕೊಬ್ಬರಿರುತ್ತಾರೆ. ಹೆಸರು ತಪ್ಪಿದರೂ ಅರ್ಜಿ ಬಿದ್ದುಹೋಗದು. ಬೇರೆ ಪ್ರಾಧಿಕಾರಕ್ಕೆ ಸೇರಿದ ವಿಷಯವಾಗಿದ್ದರೂ ಐದು ದಿನಗಳೊಳಗೆ ಅವರೇ ವರ್ಗಾಯಿಸಬೇಕು. ಶುಲ್ಕಕ್ಕೆ ಅಂಚೆ ಕಚೇರಿಯ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಅನುಕೂಲ, ಅದರ ಸಂಖ್ಯೆಯನ್ನು ಅರ್ಜಿಯಲ್ಲಿಯೇ ನಮೂದಿಸಿ. ಖುದ್ದಾಗಿ ಕೊಡುವುದಾದರೆ ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ. ‘ಸಾಹೇಬರಿಗೆ ತೋರಿಸಿ ಸೀಲ್ ಹಾಕಿ ಕೊಡ್ತೀವಿ, ನಾಳೆ ಬನ್ನಿ’ ಎಂದರೆ ನೇರ ಅಂಚೆ ಕಚೇರಿಗೆ ಹೋಗಿ. ರಿಜಿಸ್ಟರ್ಡ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ ಈಗ ಸ್ಪೀಡ್ ಪೋಸ್ಟಿನಲ್ಲೇ ಕಳುಹಿಸಿ, ರಸೀದಿಯನ್ನೂ ಬಟವಾಡೆಯ ವಿವರವನ್ನೂ ಜೋಪಾನವಾಗಿಡಿ.

ಉತ್ತರಕ್ಕೆ ಮೂವತ್ತು ದಿನಗಳ ಗಡುವು. ನಕಲಿಗೆ ಇಷ್ಟು ಪುಟ, ಇಷ್ಟು ಹಣ ಎಂದು ಪತ್ರ ಬಂದರೆ, ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವವರೆಗಿನ ಅವಧಿ ಈ ಮೂವತ್ತು ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ; ಆದ್ದರಿಂದ ತಡಮಾಡದೆ ಕಟ್ಟಿ. ಎ4 ಪುಟಕ್ಕೆ ಎರಡು ರೂಪಾಯಿ. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ಹಣ ಕೇಳುವಂತಿಲ್ಲ.

ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮೂವತ್ತು ದಿನಗಳೊಳಗೆ ಕಲಂ 19(1)ರ ಅಡಿ ಪ್ರಥಮ ಮೇಲ್ಮನವಿ. ಪುರಸಭೆಗಳ ವಿಷಯದಲ್ಲಿ ಇದು ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರ ಬಳಿ ಹೋಗುತ್ತದೆ. ಅವರು ಮೂವತ್ತು ದಿನಗಳಲ್ಲಿ, ಕಾರಣ ದಾಖಲಿಸಿ ಹೆಚ್ಚೆಂದರೆ ನಲವತ್ತೈದು ದಿನಗಳಲ್ಲಿ ತೀರ್ಮಾನಿಸಬೇಕು. ಅಲ್ಲಿಂದ ಮುಂದೆ ತೊಂಬತ್ತು ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಇಲ್ಲಿಯೇ ಬಹಳಷ್ಟು ಜನ ಎಡವುವುದು. ಪ್ರಥಮ ಮೇಲ್ಮನವಿಯನ್ನು ಬಿಟ್ಟು ಸಿಟ್ಟಿನಲ್ಲಿ ನೇರವಾಗಿ ಆಯೋಗಕ್ಕೆ ಕಲಂ 18ರ ದೂರು ಕಳುಹಿಸುತ್ತಾರೆ. ಆ ಕಲಮಿನಡಿ ಆಯೋಗವು ದಂಡ ವಿಧಿಸಬಹುದೇ ಹೊರತು ಮಾಹಿತಿ ಕೊಡಿಸುವ ಆದೇಶ ಮಾಡಲಾಗದು ಎಂದು ಸರ್ವೋಚ್ಚ ನ್ಯಾಯಾಲಯ ಮಣಿಪುರದ ಪ್ರಕರಣದಲ್ಲಿ 2011ರಲ್ಲಿಯೇ ಹೇಳಿದೆ. ದಂಡವಾದರೂ ದಿನಕ್ಕೆ 250 ರೂಪಾಯಿ, ಗರಿಷ್ಠ 25,000; ಅದೂ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ನಿಮಗೆ ಬೇಕಾಗಿರುವುದು ಅಳತೆ ಪುಸ್ತಕದ ಪುಟವಾದರೆ ಕಲಂ 19ರ ದಾರಿಯನ್ನು ಬಿಡಬೇಡಿ.

‘ಗುತ್ತಿಗೆದಾರರ ವೈಯಕ್ತಿಕ ಮಾಹಿತಿ’ ಎಂದು ಕಲಂ 8(1)(ಜೆ) ತೋರಿಸಿ ನಿರಾಕರಿಸಲೂಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಈ ಕಲಮಿನಲ್ಲಿದ್ದ ಷರತ್ತುಗಳನ್ನು ತೆಗೆದುಹಾಕಿ ನಿರಾಕರಣೆಗೆ ಅವಕಾಶವನ್ನು ಹಿಗ್ಗಿಸಿದೆ. ಆದರೆ ಸಾರ್ವಜನಿಕ ಹಿತಾಸಕ್ತಿ ಹೆಚ್ಚಿನದಾಗಿದ್ದರೆ ಮಾಹಿತಿ ನೀಡಬಹುದೆಂಬ ಕಲಂ 8(2) ಹಾಗೆಯೇ ಇದೆ. ಬ್ಯಾಂಕ್ ಖಾತೆ ಸಂಖ್ಯೆಯಂಥದ್ದನ್ನು ಮುಚ್ಚಿ ಉಳಿದುದನ್ನು ಕೊಡಿ ಎಂದು ಕಲಂ 10ನ್ನು ಉಲ್ಲೇಖಿಸಿ ಕೇಳಿ. ರಸ್ತೆಯ ದಪ್ಪ ಎಷ್ಟೆಂಬುದು ಯಾರ ವೈಯಕ್ತಿಕ ವಿಷಯವೂ ಅಲ್ಲ.

ಎರಡನೇ ವಾರ್ಡ್

ನಿಮ್ಮ ಸಂಕೋಚದ ಬಗ್ಗೆ ಯಾರೂ ಮಾತಾಡಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಬೀದಿದೀಪಗಳ ಖರೀದಿಯ ಬಗ್ಗೆ ಅರ್ಜಿ ಹಾಕಿದಾಗ ನನಗೂ ಇದೇ ಅನುಭವವಾಯಿತು. ಮಾಹಿತಿ ಏಕೆ ಬೇಕೆಂದು ಕೇಳುವ ಅಧಿಕಾರ ಅವರಿಗಿಲ್ಲ, ಕಲಂ 6(2) ಅದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಚಹಾದಂಗಡಿಯಲ್ಲಿ ಕೇಳುವವರಿಗೆ ಕಲಂ 6(2) ಅನ್ವಯಿಸುವುದಿಲ್ಲವಲ್ಲ! ನಾವು ಮಾಡಿದ ಉಪಾಯ ಸರಳವಾದದ್ದು: ಅದೇ ಬೀದಿಯ ಆರು ಮನೆಯವರು ಅದೇ ಒಕ್ಕಣೆಯ ಆರು ಅರ್ಜಿಗಳನ್ನು ಬೇರೆ ಬೇರೆ ದಿನ ಅಂಚೆಯಲ್ಲಿ ಕಳುಹಿಸಿದೆವು. ಯಾರನ್ನು ವಿಚಾರಿಸಿಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ. ನಿಮ್ಮ ತಂದೆಯವರ ಪರವಾನಗಿಯ ನವೀಕರಣವನ್ನು ಮಾತ್ರ ಅವಧಿಗೆ ಮುಂಚೆಯೇ ಮಾಡಿಸಿ, ರಸೀದಿಯನ್ನು ಇಟ್ಟುಕೊಂಡುಬಿಡಿ.

ನಿವೃತ್ತ ಗುಮಾಸ್ತ

ವಕೀಲೆಯವರ ಮಾತು ಸರಿ, ಮೂರರ ನಕಲನ್ನು ನೇರವಾಗಿ ಕೇಳುವುದೇ ಜಾಣತನ. ನಾನು ಹೇಳಿದ ಕ್ರಮಕ್ಕೆ ಒಳ್ಳೆಯ ಕಚೇರಿ ಬೇಕು. ಇನ್ನೊಂದು ಮಾತು ಸೇರಿಸುತ್ತೇನೆ. ‘ಕಡತ ಲಭ್ಯವಿಲ್ಲ’ ಎಂದು ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ. ಒಮ್ಮೆ ಇದ್ದ ಕಡತ ಸಿಗುತ್ತಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಚೆನ್ನಾಗಿ ಹುಡುಕಬೇಕು ಎಂದು ದೆಹಲಿ ಉಚ್ಚ ನ್ಯಾಯಾಲಯ 2013ರಲ್ಲಿ ತೀರ್ಪು ನೀಡಿದೆ. ಮೇಲ್ಮನವಿಯಲ್ಲಿ ಅದನ್ನು ಹೇಳಿ, ಹುಡುಕಿಸಬೇಕೆಂದು ಕೇಳಿ. ನನ್ನ ಅನುಭವದಲ್ಲಿ ಕಳೆದುಹೋದ ಕಡತಗಳಲ್ಲಿ ಮುಕ್ಕಾಲು ಪಾಲು ಇಂಜಿನಿಯರ್ ಮೇಜಿನ ಕೆಳಗಿನ ಖಾನೆಯಲ್ಲಿಯೇ ಸಿಗುತ್ತವೆ.

ಹಳೇಪೇಟೆ ನಿವಾಸಿ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಹೊಸ ಅರ್ಜಿಯನ್ನು ನಾನು ಮತ್ತು ನಮ್ಮ ಬೀದಿಯ ಇನ್ನಿಬ್ಬರು ಅಂಚೆಯಲ್ಲಿ ಕಳುಹಿಸಿದೆವು. ಹತ್ತೊಂಬತ್ತನೆಯ ದಿನ 14 ಪುಟಗಳಿಗೆ 28 ರೂಪಾಯಿ ಕಟ್ಟುವಂತೆ ಪತ್ರ ಬಂತು. ಕಟ್ಟಿದ ಮರುವಾರ ನಕಲುಗಳು ಕೈಸೇರಿದವು. ಪರಿಶೀಲನೆಗೂ ಒಂದು ದಿನ ಕರೆದರು. ಟಪಾಲು ವಿಭಾಗದ ಅದೇ ಪರಿಚಯದವರು ಕಡತ ತಂದಿಟ್ಟು, ಕುರ್ಚಿಯನ್ನೂ ಹಾಕಿಕೊಟ್ಟರು ಎಂಬುದನ್ನು ಹೇಳಲೇಬೇಕು.

ಅಳತೆ ಪುಸ್ತಕದಲ್ಲಿ ನಮ್ಮ ರಸ್ತೆಯ ಕಾಂಕ್ರೀಟಿನ ದಪ್ಪ 0.15 ಮೀಟರ್ ಎಂದು ಬರೆದಿದೆ. ಮನೆಗೆ ಬಂದು ನಲ್ಲಿಗಾಗಿ ಅಗೆದ ಜಾಗದಲ್ಲಿ ಮುರಿದ ಅಂಚಿಗೆ ಟೇಪು ಹಿಡಿದರೆ ಹನ್ನೊಂದು ಸೆಂಟಿಮೀಟರ್ ಬಂತು, ಇನ್ನೊಂದು ಕಡೆ ಹನ್ನೆರಡೂವರೆ. ಎರಡು ಕಡೆಯ ಅಳತೆಯಿಂದ ಇಡೀ ರಸ್ತೆಯನ್ನು ಅಳೆದಂತಾಗುವುದಿಲ್ಲವೆಂದು ನನಗೂ ಗೊತ್ತಿದೆ. ಗುಣಮಟ್ಟ ಪರೀಕ್ಷಾ ವರದಿ ಕಡತದಲ್ಲಿ ಇರಲಿಲ್ಲ. ‘ಕಡತದಲ್ಲಿ ಲಭ್ಯವಿಲ್ಲ’ ಎಂದೇ ಬರೆದುಕೊಟ್ಟಿದ್ದಾರೆ, ಅದಕ್ಕೆ ಪ್ರಥಮ ಮೇಲ್ಮನವಿ ಸಲ್ಲಿಸಿದ್ದೇನೆ.

ಕರಾರು ಪತ್ರದ ಪ್ರಕಾರ ದೋಷ ಹೊಣೆಗಾರಿಕೆ ಅವಧಿ ಮುಗಿಯಲು ಇನ್ನೂ ಏಳು ತಿಂಗಳಿದೆ. ಮೂರು ಕಡೆ ಕೋರ್ (ರಸ್ತೆಯನ್ನು ಕೊರೆದು ತೆಗೆಯುವ ಕಾಂಕ್ರೀಟ್ ತುಂಡು) ತೆಗೆಸಿ ದಪ್ಪ ಪರೀಕ್ಷಿಸಬೇಕು, ರಸ್ತೆಯನ್ನು ಗುತ್ತಿಗೆದಾರರಿಂದಲೇ ದುರಸ್ತಿ ಮಾಡಿಸಬೇಕು ಎಂದು ಅಳತೆ ಪುಸ್ತಕದ ಪುಟ ಮತ್ತು ನಾಲ್ಕು ಚಿತ್ರಗಳನ್ನು ಲಗತ್ತಿಸಿ ಮುಖ್ಯಾಧಿಕಾರಿಗಳಿಗೆ ನಿನ್ನೆ ಮನವಿ ಕೊಟ್ಟೆ. ‘ನಾಳೆ ಬನ್ನಿ’ ಎಂದರು. ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತು, ಎರಡನೆಯ ಪ್ರತಿಗೆ ಮೊಹರು ಹಾಕಿಸಿಕೊಂಡೇ ಬಂದೆ.